ಲ್ಯಾಪ್‌ಟಾಪ್ ಫ್ಯಾನ್ ಯಾಕಿಷ್ಟು ಗದ್ದಲ ಮಾಡುತ್ತೆ?

ಪ್ರಶ್ನೆ: ನಮ್ಮ ಮನೆ ಮಂಡ್ಯ ಹತ್ತಿರದ ಹಳ್ಳಿಯಲ್ಲಿ, ಪಕ್ಕದಲ್ಲೇ ಆಲೆಮನೆ. ನಾಲ್ಕು ವರ್ಷದ ಲ್ಯಾಪ್‌ಟಾಪ್ ಆನ್ ಮಾಡಿದ ಹತ್ತೇ ನಿಮಿಷಕ್ಕೆ ಫ್ಯಾನ್ ಜೋರಾಗಿ ಸದ್ದು ಮಾಡುತ್ತದೆ, ಕೀಬೋರ್ಡ್ ಸುಡುತ್ತದೆ. ಕೂಲಿಂಗ್ ಪ್ಯಾಡ್ ತರಲೇ?

ಉತ್ತರ: ಪ್ಯಾಡ್ ಆಮೇಲೆ. ಮೊದಲು ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ (ಓಡುತ್ತಿರುವ ಪ್ರೋಗ್ರಾಂಗಳ ಪಟ್ಟಿ) ತೆರೆಯಿರಿ. ಏನೂ ಕೆಲಸ ಮಾಡದಿರುವಾಗಲೂ ಸಿಪಿಯು (ಪ್ರೊಸೆಸರ್) ಬಳಕೆ 30–40% ತೋರಿಸುತ್ತಿದ್ದರೆ ಯಾವುದೋ ಪ್ರೋಗ್ರಾಂ ಹಿನ್ನೆಲೆಯಲ್ಲಿ ಓಡುತ್ತಿದೆ, ಅದನ್ನು ನಿಲ್ಲಿಸಿ. 5% ಒಳಗಿದ್ದರೆ ಅನುಮಾನ ದೂಳಿನ ಮೇಲೆ. ನಿಮ್ಮಲ್ಲಂತೂ ಹೊಗೆ, ಮಸಿ ಬೇರೆ.

ದೂಳು ಕೂರುವುದು ಫ್ಯಾನ್ ರೆಕ್ಕೆಗಿಂತ ಹೆಚ್ಚಾಗಿ, ಅದರ ಮುಂದಿನ ಹೀಟ್‌ಸಿಂಕ್‌ನ (ಪ್ರೊಸೆಸರ್‌ನ ಬಿಸಿ ಹೀರಿ ಹೊರಹಾಕುವ ಲೋಹದ ಭಾಗ) ಸಣ್ಣ ಸೀಳುಗಳಲ್ಲಿ, ಕಂಬಳಿಯ ಹಾಗೆ. ಹೊರಗಿನಿಂದ ಊದಿದರೆ ಅದು ಒಳಗೇ ಸರಿಯುತ್ತದೆ. ಪವರ್ ತೆಗೆದು, ಹಿಂಬದಿ ಮುಚ್ಚಳ ಬಿಚ್ಚಿ, ಬ್ಯಾಟರಿ ಕನೆಕ್ಟರ್ ಕಳಚಿ. ಫ್ಯಾನನ್ನು ಬೆರಳಲ್ಲಿ ಹಿಡಿದುಕೊಂಡೇ ಬ್ಲೋವರ್ ಬಿಡಿ. ಹಿಡಿಯದಿದ್ದರೆ ಫ್ಯಾನ್ ಮಿತಿಮೀರಿ ತಿರುಗಿ ಬೇರಿಂಗ್ ಹಾಳಾಗಬಹುದು.

ಹೀಟ್‌ಸಿಂಕ್ ಎತ್ತಿದರೆ ಥರ್ಮಲ್ ಪೇಸ್ಟ್ (ಪ್ರೊಸೆಸರ್‌ನಿಂದ ಹೀಟ್‌ಸಿಂಕ್‌ಗೆ ಬಿಸಿ ದಾಟಿಸುವ ಅಂಟು) ಹೊಸದೇ ಹಾಕಬೇಕು. ಹಳೆಯದನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ, ಪ್ರೊಸೆಸರ್ ಚಿಪ್ ಮೇಲೆ ಅಕ್ಕಿಕಾಳಿಗಿಂತ ತುಸು ದೊಡ್ಡ ಹನಿ ಇಡಿ. ಸ್ಕ್ರೂಗಳನ್ನು ಅವುಗಳ ಪಕ್ಕದ ಅಂಕಿಯ ಕ್ರಮದಲ್ಲೇ ಬಿಗಿ ಮಾಡಿ.

ಗಾಳಿಯ ಸದ್ದಲ್ಲದೆ ಕರಕರ ಶಬ್ದವಿದ್ದರೆ ಬೇರಿಂಗ್ ಸವೆದಿದೆ, ಫ್ಯಾನನ್ನೇ ಬದಲಾಯಿಸಿ. ಟಚ್‌ಪ್ಯಾಡ್ ಉಬ್ಬಿದ್ದರೆ ಬ್ಯಾಟರಿ ಊದಿರಬಹುದು, ಚಾರ್ಜ್‌ಗೂ ಹಾಕಬೇಡಿ, ನೇರ ಸರ್ವಿಸ್‌ಗೆ ಒಯ್ಯಿರಿ.

ತಕ್ಷಣಕ್ಕೆ: ಪವರ್ ಆಪ್ಷನ್ಸ್‌ನಲ್ಲಿ ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್ ಕಂಡರೆ 100ರಿಂದ 99ಕ್ಕೆ ಇಳಿಸಿ. ಸಾಮಾನ್ಯವಾಗಿ ಟರ್ಬೊ (ಪ್ರೊಸೆಸರ್ ತಾತ್ಕಾಲಿಕವಾಗಿ ಏರಿಸಿಕೊಳ್ಳುವ) ವೇಗ ನಿಂತು ಬಿಸಿ ತಗ್ಗುತ್ತದೆ. ಹಾಸಿಗೆ ಮೇಲಿಟ್ಟು ಬಳಸುವ ಅಭ್ಯಾಸವಿದ್ದರೆ ಬಿಡಿ, ಗಾಳಿ ಒಳಹೋಗುವ ಕಿಂಡಿ ಹೆಚ್ಚಾಗಿ ಇರುವುದು ತಳದಲ್ಲೇ.