ಚಿಕ್ಕಮ್ಮನ ಭಾಷೆ ಯಾವುದು? ಬೀದರ್‌ನಿಂದ ಉತ್ತರ

ರೈತರ ನೋಂದಣಿಯ ನಿಮ್ಮ ಆ್ಯಪ್‌ನಲ್ಲಿ ಕನ್ನಡ ಕೊಟ್ಟ ಮೇಲೂ ಬೀದರ್ ಕಡೆಯ ರೈತರು ಅದನ್ನು ಯಾಕೆ ಬಳಸುತ್ತಿಲ್ಲ ಅಂತ ಕೇಳಿದ್ದೀರಿ. ನಮ್ಮ ಮನೆಯದ್ದನ್ನೇ ಹೇಳುತ್ತೇನೆ.

ನಮ್ಮೂರು ಔರಾದ್ ತಾಲ್ಲೂಕಿನದು. ಒಂದು ಕಡೆ ಮಹಾರಾಷ್ಟ್ರ, ಇನ್ನೊಂದು ಕಡೆ ತೆಲಂಗಾಣ. 1956ರ ನವೆಂಬರ್ 1ರ ತನಕ ನಾವು ಹೈದರಾಬಾದ್ ರಾಜ್ಯದವರು. ನಿಜಾಮರ ಕಾಲದಲ್ಲಿ ಕಚೇರಿ ಕೆಲಸ ಉರ್ದುವಿನಲ್ಲಿ. ಹಾಗಾಗಿ ನಮ್ಮಜ್ಜ ಮನೆಯಲ್ಲಿ ಕನ್ನಡ ಮಾತಾಡುತ್ತಿದ್ದರು, ಹೊಲದ ಕಾಗದ ಉರ್ದುವಿನಲ್ಲಿ ಓದುತ್ತಿದ್ದರು. ಚಿಕ್ಕಮ್ಮ ಕಲಿತದ್ದು ಮರಾಠಿ ಶಾಲೆಯಲ್ಲಿ. ನಮ್ಮ ಜೊತೆ ಕನ್ನಡದಲ್ಲೇ ಮಾತು, ಜಗಳವೂ ಕನ್ನಡದಲ್ಲೇ. ಆದರೆ ಕನ್ನಡ ಅಕ್ಷರ ಓದೋಕೆ ಬರಲ್ಲ.

ನಿಮ್ಮ ಆ್ಯಪ್ ಭಾಷೆ ಯಾವುದು ಅಂತ ಒಂದೇ ಸಲ ಕೇಳುತ್ತದೆ. ಚಿಕ್ಕಮ್ಮ ಕನ್ನಡ ಒತ್ತಿದರೆ ಪರದೆ ತುಂಬಾ ಓದಲು ಬಾರದ ಅಕ್ಷರ. ಮರಾಠಿ ಒತ್ತಿದರೆ ಸಲೀಸಾಗಿ ಓದುತ್ತಾರೆ, ಜಿಲ್ಲೆ ಆರಿಸುವ ತನಕ. ಅಲ್ಲಿ ಲಾತೂರ್ ಇದೆ, ನಾಂದೇಡ್ ಇದೆ, ಬೀದರ್ ಇಲ್ಲ! ಮರಾಠಿ ಓದುವವರೆಲ್ಲ ಮಹಾರಾಷ್ಟ್ರದಲ್ಲೇ ಇರುತ್ತಾರೆ ಅಂತ ಯಾರೋ ಅಂದುಕೊಂಡಿದ್ದಾರೆ. ಕೊನೆಗೆ ಫೋನ್ ನನ್ನ ಕೈಗಿಟ್ಟು, "ನೀನೇ ತುಂಬಪ್ಪಾ, ನಂಗೆ ತಿಳಿಯಂಗಿಲ್ಲ" ಅಂದರು. ಇದರಿಂದ ನನಗೆ ತುಂಬಾ ನೋವಾಯಿತು. ಸೋಯಾ ಎಷ್ಟು ಚೀಲ ಆಯಿತು, ಕೂಲಿ ಎಷ್ಟು ಕೊಟ್ಟೆ, ಗೊಬ್ಬರದ ಬಾಕಿ ಎಷ್ಟು, ಎಲ್ಲವನ್ನೂ ಮರಾಠಿಯಲ್ಲಿ ನೋಟ್‌ಬುಕ್ಕಿನಲ್ಲಿ ಬರೆದಿಡುವ ಹೆಂಗಸು ಅವರು. ಲೆಕ್ಕದಲ್ಲಿ ಒಂದು ರೂಪಾಯಿ ತಪ್ಪಲ್ಲ.

ಹುಟ್ಟಿದ ತಾರೀಖಿನದೂ ಒಂದು ಮಾತಿದೆ. ನಮ್ಮ ಕಡೆ ಹಳಬರಲ್ಲಿ ಬಹಳ ಜನರದ್ದು ಜೂನ್ 1. ಶಾಲೆಗೆ ಸೇರಿಸುವಾಗ ಮಾಸ್ತರು ಬರೆದ ತಾರೀಖು ಅದು. ಒಂದೇ ಊರಲ್ಲಿ ಒಂದೇ ಹೆಸರಿನ ಇಬ್ಬರು, ಇಬ್ಬರದೂ ಜೂನ್ 1, ವರ್ಷವೂ ಒಂದೇ. ಎರಡನೆಯವರು ಆ್ಯಪ್‌ನಲ್ಲಿ ಅರ್ಜಿ ಹಾಕಿದರೆ "ಈಗಾಗಲೇ ನೋಂದಣಿ ಆಗಿದೆ" ಅಂತ ಬರುತ್ತದೆ. ಅವರು ಮೋಸ ಮಾಡುತ್ತಿಲ್ಲ ಸರ್, ಬೇರೆ ಮನುಷ್ಯರೇ.

ಮಾತಾಡುವ ಭಾಷೆ ಬೇರೆ ಕೇಳಿ, ಓದುವ ಭಾಷೆ ಬೇರೆ ಕೇಳಿ. ಯಾವ ಭಾಷೆ ಒತ್ತಿದರೂ ಎಲ್ಲ ಜಿಲ್ಲೆಗಳೂ ಕಾಣಲಿ. ಇಲ್ಲಿಗೆ ಬಂದು ನೋಡುವುದಾದರೆ ಸೋಯಾ ರಾಶಿ ಮುಗಿದ ಮೇಲೆ ಬನ್ನಿ. ಆಗ ಚಿಕ್ಕಮ್ಮನಿಗೂ ನಿಮ್ಮ ಜೊತೆ ಕೂತು ಮಾತಾಡೋಕೆ ಪುರುಸೊತ್ತು ಇರುತ್ತದೆ.