ಮೊದಲ ಸಭೆಗೆ ನಲವತ್ತು ಜನ, ಎರಡನೆಯದಕ್ಕೆ ಐದೇ ಜನ: ಎಲ್ಲಿಂದ ಶುರು ಮಾಡೋದು?

ಅಕ್ಕ, ನಿಮ್ಮ ಪ್ರಶ್ನೆ ಓದಿ ನಗು ಬಂತು, ತಪ್ಪು ತಿಳಿಯಬೇಡಿ. ಆರು ವರ್ಷದ ಹಿಂದೆ ನಾನೂ ಇದೇ ತಲೆನೋವು ಹೊತ್ತು ಓಡಾಡುತ್ತಿದ್ದೆ. ನಿಮ್ಮ ಬೀದಿಯಲ್ಲಿ ಅರವತ್ತು ಮನೆ. ಮೊದಲ ಸಭೆಗೆ ನಲವತ್ತು ಜನ, ಎರಡನೆಯದಕ್ಕೆ ಐದು. ಪಟ್ಟಿಯಲ್ಲಿ ಮಾತ್ರ ಎಲ್ಲ ಇದೆ: ಹಸಿ ಕಸದ ಗೊಬ್ಬರ, ಮಳೆನೀರು, ಖಾಲಿ ಸೈಟಿನಲ್ಲಿ ತರಕಾರಿ, ಹಾಳಾದ ಸಾಮಾನಿನ ರಿಪೇರಿ, ಸೋಲಾರ್. ಯಾವುದು ಮೊದಲು, ಸಂಘ ನೋಂದಣಿ ಮಾಡಿಸಬೇಕಾ, ವಿರೋಧ ಮಾಡುವ ಮನೆಯವರನ್ನು ಏನು ಮಾಡೋದು ಅಂತ ಕೇಳಿದ್ದೀರಿ. ಉತ್ತರ ಸ್ವಲ್ಪ ಉದ್ದ ಆಗುತ್ತದೆ, ಬಿಡುವಾದಾಗ ಓದಿ.

ಐದು ಮನೆ ಸಾಕು. ನಮ್ಮದು ಎರಡನೇ ಸಲ ನಿಂತಿದ್ದು ನಾಲ್ಕು ಮನೆಯಿಂದ.

ಮೊದಲನೇ ಸಲ ಏನಾಯಿತು ಅಂತ ಹೇಳಿಬಿಡುತ್ತೇನೆ. ಐದು ಉಪಸಮಿತಿ ಮಾಡಿದೆವು. ಗುಂಪಿಗೆ ಹೆಸರು ಇಡುವುದರಲ್ಲೇ ಒಂದು ತಿಂಗಳು ಹೋಯಿತು. ವಾಟ್ಸಾಪ್‌ನಲ್ಲಿ ಎಂಬತ್ತು ಜನ, ದಿನ ಬೆಳಗಾದರೆ ಹೂವಿನ ಚಿತ್ರದ ಶುಭೋದಯ. ಗೊಬ್ಬರದ ತೊಟ್ಟಿ ನೋಡಿಕೊಳ್ಳುವುದು ಮಾತ್ರ ನನ್ನ ತಲೆ ಮೇಲೆ. ನಿಜ ಹೇಳಬೇಕೆಂದರೆ, ಬೇರೆಯವರು ಕೈ ಹಾಕಿದರೆ ನನಗೇ ಸಮಾಧಾನ ಇರುತ್ತಿರಲಿಲ್ಲ. ಆಮೇಲೆ ಮನೆಯ ತಾಪತ್ರಯಕ್ಕೆ ಮೂರು ವಾರ ಊರು ಬಿಡಬೇಕಾಯಿತು. ವಾಪಸ್ ಬಂದಾಗ ತೊಟ್ಟಿ ತುಂಬಿ ಹೊರಗೆ ಚೆಲ್ಲಿತ್ತು. ನೊಣ, ಹುಳ, ಬೀದಿಯ ಕೊನೆವರೆಗೂ ವಾಸನೆ. ಹಿಂದಿನ ಮನೆಯವರು ಎರಡು ವಾರದಿಂದ ಕಿಟಕಿ ತೆರೆದಿರಲಿಲ್ಲ. ಅವರು ದೂರು ಕೊಟ್ಟರು, ಕೊಟ್ಟಿದ್ದು ಸರಿಯಾಗಿಯೇ ಇತ್ತು. ಅಲ್ಲಿಗೆ ಎಲ್ಲ ನಿಂತುಹೋಯಿತು.

ಅದಕ್ಕೇ ಈಗ ಯಾರು ಕೇಳಿದರೂ ಒಂದೇ ಪ್ರಶ್ನೆ ವಾಪಸ್ ಕೇಳುತ್ತೇನೆ: ನೀವು ಮೂರು ವಾರ ಇಲ್ಲದಿದ್ದರೆ ಆ ಕೆಲಸ ನಡೆಯುತ್ತದಾ? ನಡೆಯುವ ಹಾಗೆ ಕಟ್ಟುವುದೇ ಮುಖ್ಯ ಕೆಲಸ. ಗೊಬ್ಬರ, ತರಕಾರಿ ಎಲ್ಲ ಅದರ ಜೊತೆ ಬರುತ್ತದೆ.

ನಿಮ್ಮ ಪಟ್ಟಿಯಿಂದ ನಾನು ಆರಿಸುವುದು ಹಸಿ ಕಸದ ಗೊಬ್ಬರ. ಕಾರಣ ಸರಳ. ಹಸಿ ಕಸ ಪ್ರತಿ ಮನೆಯಲ್ಲೂ ದಿನಾ ಬರುತ್ತದೆ, ಹಾಗಾಗಿ ಜನ ಮತ್ತೆ ಮತ್ತೆ ಒಂದೇ ಜಾಗಕ್ಕೆ ಬರಲೇಬೇಕು. ತಪ್ಪಾದರೆ ಎರಡೇ ದಿನದಲ್ಲಿ ಮೂಗಿಗೆ ಗೊತ್ತಾಗುತ್ತದೆ. ಸರಿಯಾದರೆ ಮೂರು ನಾಲ್ಕು ತಿಂಗಳಿಗೆ ಕೈಯಲ್ಲಿ ಹಿಡಿದು ತೋರಿಸುವಂಥ ವಸ್ತು ಸಿಗುತ್ತದೆ. ಸೋಲಾರ್ ಒಳ್ಳೆಯದೇ, ಆದರೆ ಒಮ್ಮೆ ಕೂರಿಸಿದ ಮೇಲೆ ಯಾರೂ ಯಾರ ಜೊತೆಯೂ ಮಾತಾಡಬೇಕಾಗಿಲ್ಲ. ಅದನ್ನು ಆಮೇಲೆ ನೋಡೋಣ.

ಶುರು ಮಾಡುವ ಮೊದಲು ಐದೂ ಮನೆಯವರು ಒಂದು ವಾರ ಹಸಿ ಕಸ ತೂಕ ಮಾಡಿ ಬರೆದಿಡಿ. ಊಹೆ ಬೇಡ. ಆ ಲೆಕ್ಕದ ಮೇಲೆ ತೊಟ್ಟಿ. ಮೂರು ತೊಟ್ಟಿ ಬೇಕು: ಒಂದು ತುಂಬುತ್ತಿರಬೇಕು, ಒಂದು ಬಿಸಿಯಾಗಿ ಕೊಳೆಯುತ್ತಿರಬೇಕು, ಒಂದು ತಣ್ಣಗೆ ಮಾಗುತ್ತಿರಬೇಕು. ರಾಶಿ ಚೆನ್ನಾಗಿ ಬಿಸಿ ಆಗಬೇಕಾದರೆ ಸುಮಾರು ಒಂದು ಮೀಟರ್ ಉದ್ದ, ಅಗಲ, ಎತ್ತರ ಇರಬೇಕು. ಅದಕ್ಕಿಂತ ಚಿಕ್ಕದಾದರೆ ಒಳಗಿನ ಬಿಸಿ ಹೊರಗೆ ಹೋಗಿಬಿಡುತ್ತದೆ. ಗೊಬ್ಬರ ಆಗುತ್ತದೆ, ನಿಧಾನವಾಗಿ. ಐದು ಮನೆಯ ಕಸಕ್ಕೆ ರಾಶಿ ತುಂಬುವುದು ತಡ, ಅದಕ್ಕೆ ಬೇಸರ ಬೇಡ.

ಎಲ್ಲರೂ ಎಡವುವುದು ಒಣ ಎಲೆಯಲ್ಲಿ. ಒಂದು ಬಕೆಟ್ ಹಸಿ ಕಸಕ್ಕೆ ಎರಡರಿಂದ ಮೂರು ಬಕೆಟ್ ಒಣ ಎಲೆ ಬೇಕು. ಪುಸ್ತಕದ ಭಾಷೆಯಲ್ಲಿ ಇದನ್ನು 25ರಿಂದ 30 ಪಾಲು ಇಂಗಾಲಕ್ಕೆ 1 ಪಾಲು ಸಾರಜನಕ ಅನ್ನುತ್ತಾರೆ. ಬಕೆಟ್ ಲೆಕ್ಕ ಸಾಕು. ನಾವು ಕೆಟ್ಟಿದ್ದೂ ಇಲ್ಲೇ: ಕಸ ತರಲು ಎಲ್ಲರೂ ತಯಾರು, ಎಲೆ ಗುಡಿಸಿ ಚೀಲಕ್ಕೆ ತುಂಬಲು ಯಾರೂ ಇಲ್ಲ. ಈಗ ನಮ್ಮ ನಿಯಮ ಹೀಗಿದೆ. ತೊಟ್ಟಿಯ ಪಕ್ಕದಲ್ಲಿ ಎಲೆ ಚೀಲ ಖಾಲಿಯಾಗಿದ್ದರೆ ಆ ದಿನ ಯಾರೂ ಹಸಿ ಕಸ ಹಾಕುವ ಹಾಗಿಲ್ಲ. ಮೊದಲು ಗೊಣಗಿದರು. ಎರಡು ಸಲ ಕಸ ವಾಪಸ್ ಮನೆಗೆ ಹೊತ್ತುಕೊಂಡು ಹೋದ ಮೇಲೆ ಎಲೆ ತಾನಾಗಿ ಬರಲು ಶುರುವಾಯಿತು! ಎಲೆ ಸಿಗದ ಕಾಲಕ್ಕೆ ಹರಿದ ರಟ್ಟು, ಮರದ ಹೊಟ್ಟು ಆಗುತ್ತದೆ. ಬಣ್ಣ, ಪಾಲಿಶ್ ಹಚ್ಚಿದ ಮರದ ಹೊಟ್ಟು ಮಾತ್ರ ಬೇಡ.

ಹಸಿ ಕಸ ಹಾಕಿದವರು ಅದರ ಮೇಲೆ ಎಲೆ ಮುಚ್ಚಿಯೇ ಹೋಗಬೇಕು, ಕಸ ಕಣ್ಣಿಗೆ ಕಾಣಬಾರದು. ಅರ್ಧ ನೊಣದ ಕಾಟ ಇಷ್ಟರಲ್ಲೇ ಹೋಗುತ್ತದೆ. ತೇವ ನೋಡಲು ಒಂದು ಹಿಡಿ ತೆಗೆದು ಹಿಂಡಿ: ಅಂಗೈ ಒದ್ದೆ ಆಗಬೇಕು, ಒಂದೆರಡು ಹನಿಗಿಂತ ಜಾಸ್ತಿ ಬೀಳಬಾರದು. ಕೊಳೆತ ಮೊಟ್ಟೆಯ ವಾಸನೆ ಬಂದರೆ ಒಳಗೆ ಗಾಳಿ ಇಲ್ಲ ಅಂತ ಅರ್ಥ, ಮಗುಚಿ, ಎಲೆ ಸೇರಿಸಿ. ಮೂಗಿಗೆ ಹೊಡೆಯುವ ಅಮೋನಿಯಾ ಘಾಟು ಬಂದರೆ ಹಸಿ ಜಾಸ್ತಿಯಾಗಿದೆ, ಆಗಲೂ ಎಲೆಯೇ ಮದ್ದು. ಯಾವ ವಾಸನೆಯೂ ಇಲ್ಲ, ಬಿಸಿಯೂ ಇಲ್ಲ ಅಂದರೆ ಬಹುಶಃ ಒಣಗಿದೆ, ನೀರು ಚಿಮುಕಿಸಿ. ಒಳಗಿನ ಬಿಸಿ 55ರಿಂದ 65 ಡಿಗ್ರಿ ಸೆಲ್ಸಿಯಸ್ ಬಂದರೆ ಕಳೆ ಬೀಜ, ರೋಗಾಣು ಹೆಚ್ಚಿನವು ಸಾಯುತ್ತವೆ. 70 ದಾಟಿದರೆ ಕೆಲಸ ಮಾಡುವ ಸೂಕ್ಷ್ಮಜೀವಿಗಳೂ ಸಾಯತೊಡಗುತ್ತವೆ, ಆಗ ಮಗುಚಿ ಆರಿಸಿ. ಉದ್ದ ಕಡ್ಡಿಯ ಥರ್ಮಾಮೀಟರ್ ಒಂದು ಇಟ್ಟುಕೊಳ್ಳಿ. ಮಕ್ಕಳಿಗೆ ಅದು ಆಟ, ದಿನಾ ಓಡಿಬಂದು ನೋಡುತ್ತಾರೆ. ಇಲಿ ಕಾಟಕ್ಕೆ ತಳದಲ್ಲೂ ಪಕ್ಕದಲ್ಲೂ ಸಣ್ಣ ಕಣ್ಣಿನ ಕಬ್ಬಿಣದ ಜಾಲರಿ ಹಾಕಿಸಿ. ಪ್ಲಾಸ್ಟಿಕ್ ಜಾಲರಿ ಇಲಿಗೆ ಲೆಕ್ಕಕ್ಕಿಲ್ಲ. ಮಾಂಸ, ಎಣ್ಣೆ ಪದಾರ್ಥ ಮೊದಲ ವರ್ಷ ಬೇಡವೇ ಬೇಡ.

ಇನ್ನು ಪಾಳಿ. ಕೆಲಸವನ್ನು ವ್ಯಕ್ತಿಗೆ ಕಟ್ಟಬೇಡಿ, ವಾರಕ್ಕೆ ಕಟ್ಟಿ. ಈ ವಾರ ಈ ಎರಡು ಮನೆ, ಮುಂದಿನ ವಾರ ಆ ಎರಡು ಮನೆ. ಯಾವಾಗಲೂ ಎರಡು ಮನೆ ಜೋಡಿ ಇರಲಿ, ಒಬ್ಬರು ಹುಷಾರು ತಪ್ಪಿದರೆ ಇನ್ನೊಬ್ಬರು ಇರುತ್ತಾರೆ. ಜೋಡಿಯಲ್ಲಿ ಒಂದು ಹಳೆ ಮನೆ, ಒಂದು ಹೊಸ ಮನೆ. ಹೀಗೆ ಮಾಡಿದರೆ ಬೇರೆ ತರಬೇತಿ ಬೇಕಾಗಿಲ್ಲ. ತೊಟ್ಟಿಯ ಮೇಲೆ ಒಂದು ಹಲಗೆ, ಅದರಲ್ಲಿ ಮೂರೇ ಸಾಲು: ಕಡೆಯ ಸಲ ಮಗುಚಿದ್ದು ಯಾವಾಗ, ಬಿಸಿ ಎಷ್ಟು, ಈ ವಾರ ಯಾರ ಸರದಿ. ವಾಟ್ಸಾಪ್‌ನಲ್ಲಿ ಹಾಕಿದ್ದು ಮಧ್ಯಾಹ್ನಕ್ಕೆ ಕಳೆದುಹೋಗುತ್ತದೆ, ಹಲಗೆ ಕಳೆದುಹೋಗುವುದಿಲ್ಲ. ನಾನು ಬೇಕಂತಲೇ ತಿಂಗಳಿಗೆ ಒಂದು ವಾರ ಆ ಕಡೆ ತಲೆ ಹಾಕುವುದಿಲ್ಲ. ಮೊದಲ ಸಲ ನಿದ್ದೆ ಬರಲಿಲ್ಲ, ಈಗ ಅಭ್ಯಾಸ ಆಗಿದೆ.

ಸರದಿ ತಪ್ಪಿಸುವವರ ಬಗ್ಗೆ ಒಂದು ಮಾತು. ಎಲಿನಾರ್ ಆಸ್ಟ್ರಮ್ ಅಂತ ಒಬ್ಬ ವಿದ್ವಾಂಸರಿದ್ದರು, 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮೊದಲ ಮಹಿಳೆ. ಮೀನುಗಾರರು, ನೀರಾವರಿ ರೈತರು, ಹುಲ್ಲುಗಾವಲಿನವರು ಹಂಚಿಕೊಂಡು ಬಳಸುವ ಸಂಪತ್ತನ್ನು ನೂರಾರು ವರ್ಷ ಹೇಗೆ ಕೆಡದಂತೆ ಉಳಿಸಿಕೊಂಡರು ಅನ್ನುವುದೇ ಅವರ ಅಧ್ಯಯನ. ಗಟ್ಟಿಯಾಗಿ ಉಳಿದ ಕಡೆಗಳಲ್ಲಿ ಅವರು ಕಂಡ ಕೆಲವು ಗುಣಗಳು ನಮಗೂ ಬೇಕು. ಯಾರು ಒಳಗೆ, ಯಾರು ಹೊರಗೆ ಅನ್ನುವುದು ಸ್ಪಷ್ಟ ಇರಬೇಕು. ನಿಯಮವನ್ನು ಬಳಸುವವರೇ ಮಾಡಬೇಕು, ಅವರೇ ಗಮನಿಸಬೇಕು. ತಪ್ಪಿಗೆ ದಂಡನೆ ಚಿಕ್ಕದರಿಂದ ಶುರುವಾಗಿ ಮೆಟ್ಟಿಲು ಮೆಟ್ಟಿಲಾಗಿ ಏರಬೇಕು. ಈ ಕಡೆಯದು ನಮಗೆ ತುಂಬ ಕೆಲಸಕ್ಕೆ ಬಂತು. ಮೊದಲ ಸಲ ಸರದಿ ತಪ್ಪಿದರೆ ಜೋಡಿ ಮನೆಯವರು ಹೋಗಿ ಸುಮ್ನೆ ಕೇಳುತ್ತಾರೆ, ಎಲ್ಲ ಕ್ಷೇಮವಾ ಅಂತ. ಎರಡನೇ ಸಲ ಹೆಚ್ಚುವರಿ ಒಂದು ಪಾಳಿ. ಮೂರನೇ ಸಲ ಆ ಸುತ್ತಿನ ಗೊಬ್ಬರದಲ್ಲಿ ಪಾಲಿಲ್ಲ. ಆರು ವರ್ಷದಲ್ಲಿ ಮೂರನೆಯದರ ತನಕ ಹೋಗಿದ್ದು ಒಂದೇ ಸಲ. ಮೊದಲ ಸಲವೇ ಎಲ್ಲರ ಎದುರು ಬೈದಿದ್ದರೆ ಅರ್ಧ ಜನ ಬಿಟ್ಟು ಹೋಗುತ್ತಿದ್ದರು.

ಖಾಲಿ ಸೈಟಿನ ತರಕಾರಿ ತೋಟದ ಆಸೆ ನಿಮ್ಮ ಬರಹದಲ್ಲಿ ಜಾಸ್ತಿ ಕಾಣುತ್ತದೆ, ಅದಕ್ಕೇ ಇದನ್ನು ಬಿಡಿಸಿ ಹೇಳುತ್ತೇನೆ. ಯಾರದೋ ಜಾಗದಲ್ಲಿ ಬಾಯಿಮಾತಿನ ಒಪ್ಪಿಗೆ ಮೇಲೆ ಬೇಲಿ ಹಾಕಬೇಡಿ. ನ್ಯೂಯಾರ್ಕ್‌ನಲ್ಲಿ 1973ರಲ್ಲಿ ಲಿಜ್ ಕ್ರಿಸ್ಟಿ ಅನ್ನುವ ಕಲಾವಿದೆ ಮತ್ತು ಅವರ ಗೆಳೆಯರು ಕಸ ತುಂಬಿದ ಪಾಳು ಜಾಗವನ್ನು ತೋಟ ಮಾಡಿದರು. ಮುಂದಿನ ವರ್ಷ ನಗರಾಡಳಿತ ಅದನ್ನು ತಿಂಗಳಿಗೆ 1 ಡಾಲರ್ ಬಾಡಿಗೆಗೆ ಕೊಟ್ಟಿತು. ಅದನ್ನು ನೋಡಿ ನಗರದ ತುಂಬ ನೂರಾರು ತೋಟ ಎದ್ದವು. ಆದರೆ 1999ರಲ್ಲಿ ಅದೇ ನಗರಾಡಳಿತ ನೂರಕ್ಕೂ ಹೆಚ್ಚು ಬಡಾವಣೆ ತೋಟಗಳನ್ನು ಹರಾಜಿಗೆ ಇಟ್ಟಿತು. ಟ್ರಸ್ಟ್ ಫಾರ್ ಪಬ್ಲಿಕ್ ಲ್ಯಾಂಡ್, ನ್ಯೂಯಾರ್ಕ್ ರೆಸ್ಟೊರೇಷನ್ ಪ್ರಾಜೆಕ್ಟ್ ಅನ್ನುವ ಎರಡು ಸಂಸ್ಥೆಗಳು ಕೊಂಡುಕೊಂಡಿದ್ದರಿಂದ ಅವು ಉಳಿದವು. ನಮ್ಮ ನಿಮ್ಮ ತೋಟ ಕೊಂಡು ಉಳಿಸಲು ಯಾರು ಬರುತ್ತಾರೆ? ಜಾಗದ ಒಡೆಯರ ಜೊತೆ ಒಂದು ಪುಟದ ಕಾಗದ ಮಾಡಿಕೊಳ್ಳಿ: ಎಷ್ಟು ವರ್ಷ, ಬಿಡಬೇಕಾದರೆ ಎಷ್ಟು ತಿಂಗಳ ಮುಂಚೆ ಹೇಳಬೇಕು, ನೀರು ಯಾರದು, ಯಾರಿಗಾದರೂ ಪೆಟ್ಟಾದರೆ ಯಾರು ಹೊಣೆ. ಮಣ್ಣಿನಲ್ಲಿ ಸೀಸ ಇದೆಯಾ ಅಂತ ಪರೀಕ್ಷೆ ಮಾಡಿಸದೆ ನೇರ ನೆಲದಲ್ಲಿ ಸೊಪ್ಪು, ಗೆಡ್ಡೆ ಬೆಳೆಯಬೇಡಿ. ಹಳೆಯ ಬಣ್ಣ, ಹಿಂದಿನ ಕಾಲದ ಸೀಸದ ಪೆಟ್ರೋಲಿನ ಹೊಗೆ, ಗ್ಯಾರೇಜಿನ ಕೊಳೆ ಎಲ್ಲ ಪೇಟೆಯ ಮಣ್ಣಿನಲ್ಲಿ ದಶಕಗಟ್ಟಲೆ ಉಳಿಯುತ್ತದೆ. ಅನುಮಾನ ಇದ್ದರೆ ಎತ್ತರದ ಮಡಿ ಕಟ್ಟಿ, ಒಳ್ಳೆ ಮಣ್ಣು ತುಂಬಿ. ಇನ್ನೊಂದು, ಬಿಸಿಲು ಅಳೆಯಿರಿ. ಕಾಯಿ ಬಿಡುವ ಗಿಡಕ್ಕೆ ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೇಕು, ಎತ್ತರದ ಕಟ್ಟಡದ ನಡುವೆ ಅದು ಸುಲಭಕ್ಕೆ ಸಿಗುವುದಿಲ್ಲ.

ಮಳೆನೀರಿನ ಲೆಕ್ಕ ಸುಲಭ. ನೂರು ಚದರ ಮೀಟರ್ ಚಾವಣಿ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ 1,000 ಲೀಟರ್. ಸೋರಿಕೆ, ಆವಿ ಕಳೆದು ಎಂಟು ನೂರು ಅಂದುಕೊಳ್ಳಿ. ಮೊದಲ ಮಳೆಯ ಕೊಳೆ ನೀರು ಹೊರಗೆ ಬಿಡಿ, ಪೀಪಾಯಿಗೆ ಸೊಳ್ಳೆ ಪರದೆ ಕಟ್ಟಿ. ಅದು ಪ್ರತಿ ಮನೆಯ ಸ್ವಂತ ಕೆಲಸ, ಗುಂಪು ಕಟ್ಟುವುದಕ್ಕೆ ಅಷ್ಟು ಒದಗುವುದಿಲ್ಲ. ರಿಪೇರಿ ದಿನ ಮಾತ್ರ ಖಂಡಿತ ಮಾಡಿ, ಮೂರು ತಿಂಗಳಿಗೊಮ್ಮೆ ಸಾಕು. 2009ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಮಾರ್ಟೀನ್ ಪೋಸ್ಟ್ಮಾ ಅನ್ನುವವರು ಶುರು ಮಾಡಿದ ರಿಪೇರಿ ಕೆಫೆ ಇವತ್ತು ಹಲವು ದೇಶಗಳಲ್ಲಿದೆ. ಗೊಬ್ಬರದ ಹತ್ತಿರ ಸುಳಿಯದವರೂ ಇಲ್ಲಿಗೆ ಕೆಟ್ಟ ಮಿಕ್ಸಿ ಹಿಡಿದುಕೊಂಡು ಬರುತ್ತಾರೆ.

ಇಷ್ಟೆಲ್ಲ ಯಾಕೆ, ಕಸದ ಗಾಡಿ ಬರುತ್ತದಲ್ಲ ಅಂತ ನಿಮ್ಮ ಬೀದಿಯಲ್ಲೂ ಯಾರೋ ಕೇಳುತ್ತಾರೆ. ನಾನು ಅವರಿಗೆ ಕೋಬೆಯ ಕತೆ ಹೇಳುತ್ತೇನೆ. 1995ರ ಜನವರಿ 17ರಂದು ಜಪಾನಿನ ಆ ನಗರದಲ್ಲಿ ದೊಡ್ಡ ಭೂಕಂಪ ಆಯಿತು, ಆರು ಸಾವಿರಕ್ಕೂ ಹೆಚ್ಚು ಜನ ಸತ್ತರು. ಅವಶೇಷದಡಿಯಿಂದ ಬದುಕಿ ಬಂದವರಲ್ಲಿ ಹೆಚ್ಚಿನವರನ್ನು ಎಳೆದು ತೆಗೆದಿದ್ದು ಮನೆಯವರು, ನೆರೆಹೊರೆಯವರು. ಅಲ್ಲಿನ ಮಾನೊ ಬಡಾವಣೆಯವರು 1960ರ ದಶಕದಿಂದ ಕಾರ್ಖಾನೆಗಳ ಮಾಲಿನ್ಯದ ವಿರುದ್ಧ ಒಟ್ಟಾಗಿ ದನಿ ಎತ್ತಿ, ತಮ್ಮ ಬೀದಿಗಳನ್ನು ತಾವೇ ಸರಿ ಮಾಡಿಕೊಂಡು ಬಂದವರು. ಬೆಂಕಿ ಹತ್ತಿದಾಗ ಸಾಲಾಗಿ ನಿಂತು ಕೈಯಿಂದ ಕೈಗೆ ಬಕೆಟ್ ದಾಟಿಸಿ ಆರಿಸಿದರು. ಪಕ್ಕದ ಎಷ್ಟೋ ಬಡಾವಣೆಗಳು ಸುಟ್ಟುಹೋದವು. ಆ ಸಾಲು ಆವತ್ತು ಬೆಳಗ್ಗೆ ಹುಟ್ಟಿದ್ದಲ್ಲ ಅಲ್ವಾ?

ಅದಕ್ಕೇ ಗೊಬ್ಬರದ ಪಾಳಿ ಪಟ್ಟಿಯಲ್ಲೇ ಇನ್ನೊಂದು ಕಾಲಂ ಹಾಕಿಕೊಂಡಿದ್ದೇವೆ. ಯಾರ ಮನೆಯಲ್ಲಿ ವಯಸ್ಸಾದವರು ಒಂಟಿಯಾಗಿದ್ದಾರೆ, ಯಾರಿಗೆ ಕರೆಂಟಿನ ಮೇಲೆ ನಡೆಯುವ ಯಂತ್ರ ಬೇಕು, ಯಾರ ಹತ್ತಿರ ಏಣಿ, ಪಂಪು, ಹಗ್ಗ ಇದೆ. ಅವರೇ ಒಪ್ಪಿ ಕೊಟ್ಟ ಮಾಹಿತಿ ಮಾತ್ರ, ಅದೂ ಕಾಗದದ ಮೇಲೆ, ಇಬ್ಬರ ಮನೆಯಲ್ಲಿ. ಕಳೆದ ಬೇಸಿಗೆಯಲ್ಲಿ ಎರಡು ದಿನ ಕರೆಂಟ್ ಇಲ್ಲದಾಗ ಆ ವಾರದ ಪಾಳಿಯವರೇ ನಾಲ್ಕು ಬಾಗಿಲು ತಟ್ಟಿ ಬಂದರು. ನಾನು ಆವತ್ತು ಊರಲ್ಲೇ ಇರಲಿಲ್ಲ.

ವಿರೋಧ ಮಾಡುವ ಮನೆಯವರ ವಿಷಯ. ಅವರನ್ನು ಒಪ್ಪಿಸಲು ಹೋಗಬೇಡಿ, ಏನು ಭಯ ಅಂತ ಕೇಳಿ ಬರೆದುಕೊಳ್ಳಿ. ನಮ್ಮಲ್ಲಿ ಹಿಂದಿನ ಮನೆಯವರ ಭಯ ವಾಸನೆ ಮತ್ತು ಇಲಿ. ಎರಡನೇ ಸಲ ಶುರು ಮಾಡುವಾಗ ತೊಟ್ಟಿಯನ್ನು ಅವರ ಕಿಟಕಿಯಿಂದ ದೂರ, ನಮ್ಮ ಕಾಂಪೌಂಡ್ ಪಕ್ಕಕ್ಕೆ ತಂದೆವು. ವಾಸನೆ ಬಂದರೆ ಅವರು ಒಂದು ಫೋನ್ ಮಾಡಿದರೆ ಸಾಕು, ಆ ದಿನವೇ ಕಸ ಹಾಕುವುದು ನಿಲ್ಲಿಸುತ್ತೇವೆ ಅಂತ ಬರೆದು ಕೊಟ್ಟೆವು. ಎರಡು ಸಲ ಫೋನ್ ಮಾಡಿದರು, ಎರಡು ಸಲವೂ ನಿಲ್ಲಿಸಿದೆವು. ಅವರು ಇವತ್ತಿಗೂ ಸದಸ್ಯರಲ್ಲ. ಗುಲಾಬಿ ಕುಂಡಕ್ಕೆ ಗೊಬ್ಬರ ಮಾತ್ರ ತೆಗೆದುಕೊಂಡು ಹೋಗುತ್ತಾರೆ, ನನಗೆ ಅಷ್ಟು ಸಾಕು.

ನೋಂದಣಿ ಈಗ ಬೇಡ. ಜಾಗದ ಕರಾರು, ಬ್ಯಾಂಕ್ ಖಾತೆ, ನಗರಾಡಳಿತದ ಅನುದಾನ, ಈ ಮೂರರಲ್ಲಿ ಒಂದು ಎದುರು ಬಂದಾಗ ಮಾಡಿಸಿ. ಅಲ್ಲಿವರೆಗೆ ಒಂದು ಲೆಕ್ಕದ ಪುಸ್ತಕ, ಇಬ್ಬರ ಸಹಿ. ದುಡ್ಡು ಎಷ್ಟೇ ಕಡಿಮೆ ಇರಲಿ, ಖರ್ಚನ್ನು ಅದೇ ಹಲಗೆಯ ಮೇಲೆ ಬರೆಯಿರಿ.

ಈ ಭಾನುವಾರ ಸಭೆ ಕರೆಯಬೇಡಿ. ಐದು ಮನೆಯವರು ಸೇರಿ ಬೀದಿಯ ಎಲೆ ಗುಡಿಸಿ ಇಪ್ಪತ್ತು ಚೀಲ ತುಂಬಿಸಿ. ನೋಡುತ್ತ ನಿಂತವರಲ್ಲಿ ಒಬ್ಬರಿಬ್ಬರು ಪೊರಕೆ ಹಿಡಿದು ಬರುತ್ತಾರೆ. ಅವರ ಹೆಸರನ್ನು ಮೊದಲ ಪಾಳಿಗೇ ಹಾಕಿ, ಎರಡನೆಯದಕ್ಕೆ ನಿಮ್ಮದು. ರಾಶಿ ಹಾಕಿದ ನಾಲ್ಕನೇ ದಿನ ಬಿಸಿ ಎಷ್ಟು ಬಂತು ಅಂತ ಇಲ್ಲೇ ಬರೆಯಿರಿ. 40 ದಾಟಿರದಿದ್ದರೆ ರಾಶಿಯ ಒಂದು ಫೋಟೋ, ಹಿಂಡಿದ ಹಿಡಿಯ ಒಂದು ಫೋಟೋ ಹಾಕಿ, ನೋಡಿ ಹೇಳುತ್ತೇನೆ.