ಇಬ್ಬರು ಹೆಚ್ಚಾಗಿ ಬಂದರೂ ಬಾಕಿ ಕರಗುತ್ತಿಲ್ಲವೇ?

ಕಚೇರಿಗೆ ಇಬ್ಬರು ಹೊಸಬರು ಬಂದ ಮೇಲೂ ಅರ್ಜಿ ಮುಗಿಯಲು ಮೊದಲಿನಷ್ಟೇ ದಿನ ಹಿಡಿಯುತ್ತಿದೆ ಅಂದರೆ, ತೊಂದರೆ ಬಹುಶಃ ಕೆಲಸದ ವೇಗದಲ್ಲಿಲ್ಲ. ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಗುವ ನಡುವೆ ಫೈಲು ಸುಮ್ನೆ ಕೂತಿರುತ್ತದೆ.

ಮೊದಲು, ಮುಗಿದ 30 ಫೈಲು ತೆಗೆಯಿರಿ. ಆರಿಸಬೇಡಿ, ಸಾಲಾಗಿ ಸಿಕ್ಕಿದ್ದನ್ನೇ ತೆಗೆಯಿರಿ. ಪ್ರತಿ ಮೇಜಿಗೆ ಬಂದ ತಾರೀಖು, ಹೊರಟ ತಾರೀಖು ಬರೆದುಕೊಳ್ಳಿ. ಮೇಜಿನ ಹೆಸರು ಸಾಕು, ಮನುಷ್ಯರ ಹೆಸರು ಬೇಡ. ಇಲ್ಲಾಂದ್ರೆ ಯಾರೂ ನಿಜ ಹೇಳುವುದಿಲ್ಲ. ನಾನು ಹೀಗೆ ನೋಡಿದಾಗ 18 ದಿನ ಹಿಡಿದ ಒಂದು ಫೈಲಿನಲ್ಲಿ ನಿಜವಾದ ಕೆಲಸ 40 ನಿಮಿಷವೂ ಇರಲಿಲ್ಲ. ಬರೀ ಸಹಿಗೆ ಕಾದದ್ದೇ 9 ದಿನ!

ಆಮೇಲೆ ವಾಪಸ್ ಹೋದ ಫೈಲು ಎಣಿಸಿ. ಒಂದೇ ದಾಖಲೆ ಪದೇ ಪದೇ ಬಿಟ್ಟುಹೋಗಿದ್ದರೆ, ಅದನ್ನು ಕೌಂಟರಿನಲ್ಲೇ ನೋಡಿಬಿಡಿ.

ಬಾಕಿಯನ್ನು ದಿನಕ್ಕೆ ಮುಗಿಯುವ ಸಂಖ್ಯೆಯಿಂದ ಭಾಗಿಸಿ. 600 ಬಾಕಿ ಇದ್ದು ದಿನಕ್ಕೆ 40 ಮುಗಿದರೆ, ಇವತ್ತಿನ ಅರ್ಜಿಗೆ ಸುಮಾರು 15 ದಿನ. ಸರದಿ ಸಾಲುಗಳ ಬಗ್ಗೆ 1961ರಲ್ಲಿ ಅಮೆರಿಕದ ವಿದ್ವಾಂಸ ಜಾನ್ ಲಿಟಲ್ ಸಾಧಿಸಿ ತೋರಿಸಿದ ನಿಯಮದ ಲೆಕ್ಕವೇ ಇದು.

ನಿಮ್ಮಲ್ಲಿ ಅಡ್ಡಿ ಸಹಿಯದೋ ವಾಪಸಾತಿಯದೋ, ಇಲ್ಲಿಂದ ಹೇಳಲಾರೆ. ಸಹಿಯದಾದರೆ, ಮಾಮೂಲಿ ಅರ್ಜಿಗಳ ಅಧಿಕಾರವನ್ನು ಕೆಳಗಿನವರಿಗೆ ಬರಹದಲ್ಲಿ ಕೊಡಿಸಿ, ತಿಂಗಳ ನಂತರ ಮತ್ತೆ 30 ಫೈಲು ಅಳೆಯಿರಿ.